ಮಕ್ಕಳ ಕಲಿಕೆ, ಬೆಳವಣಿಗೆ ಮತ್ತು ಮನಸ್ಸಿನ ಸ್ಕ್ರೀನಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಿಂದ ಪ್ರಶ್ನಾವಳಿಯೊಂದು ಮನೆಗೆ ಬಂದಾಗ, ಅಂಗನವಾಡಿಗೆ ವೈದ್ಯರ ತಂಡ ಬಂದುಹೋದಾಗ, ಪೋಷಕರ ಸಭೆಯಲ್ಲಿ ಶಿಕ್ಷಕಿ ದನಿ ತಗ್ಗಿಸಿ ‘ಒಮ್ಮೆ ಎಲ್ಲಾದರೂ ತೋರಿಸಿ’ ಎಂದಾಗ ತಂದೆತಾಯಂದಿರು ಕೇಳುವ ಪ್ರಶ್ನೆಗಳಿವು. ಶಿಕ್ಷಕರು ಕೇಳುವ ಕೆಲವು ಪ್ರಶ್ನೆಗಳೂ ಸೇರಿವೆ. ಎಲ್ಲವನ್ನೂ ಓದಬೇಕಿಲ್ಲ. ನಿಮ್ಮ ಮಗುವಿಗೆ ಸಂಬಂಧಿಸಿದ್ದನ್ನು ಹುಡುಕಿ ಓದಿಕೊಳ್ಳಿ.

ಸ್ಕ್ರೀನಿಂಗ್ ಮಾಡಿಸಿದರೆ ಮಗುವಿಗೆ ಏನು ತೊಂದರೆ ಇದೆ ಎಂದು ಗೊತ್ತಾಗುತ್ತದೆಯೇ?

ಇಲ್ಲ. ಈ ಮಗುವನ್ನು ತಜ್ಞರು ಇನ್ನಷ್ಟು ವಿವರವಾಗಿ ನೋಡಬೇಕೇ ಎಂಬ ಒಂದೇ ಪ್ರಶ್ನೆಗೆ ಸ್ಕ್ರೀನಿಂಗ್ ಉತ್ತರ ಕೊಡುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವ ಪ್ರಶ್ನಾವಳಿ ಅದು. ಅಂಗನವಾಡಿ ಕಾರ್ಯಕರ್ತೆ, ಶಿಕ್ಷಕರು, ಕೆಲವೊಮ್ಮೆ ತಾಯಿಯೇ ಅದನ್ನು ತುಂಬಬಹುದು. ಆಟಿಸಂ (ಇತರರೊಂದಿಗೆ ಬೆರೆಯುವ, ಸಂವಹನದ ತೊಂದರೆ), ಡಿಸ್ಲೆಕ್ಸಿಯಾ (ಓದು ಬರಹದ ತೊಂದರೆ), ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆ) ಮೊದಲಾದ ಹೆಸರುಗಳನ್ನು ಅದರ ಆಧಾರದ ಮೇಲೆ ಯಾರೂ ಕೊಡುವಂತಿಲ್ಲ. ಹೆಸರು ಕೊಡುವ ಕೆಲಸ ಮಕ್ಕಳ ತಜ್ಞರು, ಮನೋವೈದ್ಯರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟರದು. ಅವರು ಮಗುವಿನೊಂದಿಗೆ ಗಂಟೆಗಟ್ಟಲೆ ಕುಳಿತು, ಹುಟ್ಟಿನಿಂದ ಇಂದಿನವರೆಗಿನ ಕಥೆ ಕೇಳಿ, ಪರೀಕ್ಷೆಗಳನ್ನು ಮಾಡಿದ ಮೇಲೆಯೇ ತೀರ್ಮಾನಕ್ಕೆ ಬರುತ್ತಾರೆ. ಶಿಬಿರವೊಂದರಲ್ಲಿ ಐದು ನಿಮಿಷ ನೋಡಿ ‘ನಿಮ್ಮ ಮಗನಿಗೆ ಆಟಿಸಂ’ ಎಂದವರ ಮಾತನ್ನು ನಂಬಬೇಡಿ. ಹಾಗೆಂದು ಆ ಚೀಟಿಯನ್ನು ಹರಿದು ಎಸೆಯಲೂಬೇಡಿ.

ಓದಿನಲ್ಲಿ, ಆಟದಲ್ಲಿ ಚೆನ್ನಾಗಿರುವ ಮಕ್ಕಳಿಗೂ ಏಕೆ ಮಾಡಬೇಕು?

ತೊಂದರೆ ಇರುವ ಮಕ್ಕಳ ಸಂಖ್ಯೆ ನಾವು ಊಹಿಸುವುದಕ್ಕಿಂತ ಹೆಚ್ಚು. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಪ್ರದೇಶಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದು 16 ವರ್ಷದವರೆಗಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿತು. ಅವರಲ್ಲಿ ಶೇ 12.5ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ಅಥವಾ ಬೆಳವಣಿಗೆಯ ತೊಂದರೆ ಕಂಡುಬಂತು. ಎಂಟರಲ್ಲಿ ಒಂದು ಮಗು. ನಲವತ್ತು ಮಕ್ಕಳ ತರಗತಿಯಲ್ಲಿ ಐವರು.

ಈ ಐವರಲ್ಲಿ ಶಿಕ್ಷಕರ ಕಣ್ಣಿಗೆ ಮೊದಲು ಬೀಳುವುದು ಗಲಾಟೆ ಮಾಡುವವನು. ಸದ್ದಿಲ್ಲದೆ ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿ, ಶಾಲೆಯಲ್ಲಿ ತುಟಿ ಬಿಚ್ಚದೆ ಮನೆಯಲ್ಲಿ ಮಾತ್ರ ಮಾತನಾಡುವ ಮಗು, ಪಾಠವನ್ನೆಲ್ಲ ಬಾಯಿಪಾಠ ಮಾಡಿ ಓದು ಬಾರದಿರುವುದನ್ನು ಮುಚ್ಚಿಡುವ ಜಾಣ, ಇವರು ಯಾರಿಗೂ ತೊಂದರೆ ಕೊಡುವುದಿಲ್ಲವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ವ್ಯವಸ್ಥೆ ಬೇಕಾಗಿರುವುದು ಇವರಿಗಾಗಿಯೇ.

ಯಾವ ವಯಸ್ಸಿನಲ್ಲಿ ಏನನ್ನು ನೋಡುತ್ತಾರೆ?

ಮೊದಲ ಎರಡು ವರ್ಷ ಕುತ್ತಿಗೆ ನಿಲ್ಲುವುದು, ಕೂರುವುದು, ನಡೆಯುವುದು, ಶಬ್ದಕ್ಕೆ ತಿರುಗುವುದು ಮುಖ್ಯ. ಇದಕ್ಕೆ ತಿರುವನಂತಪುರದಲ್ಲಿ ರೂಪುಗೊಂಡ 17 ಅಂಶಗಳ ಪಟ್ಟಿಯೊಂದು ನಮ್ಮ ದೇಶದಲ್ಲಿ ಬಳಕೆಯಲ್ಲಿದೆ. 16ರಿಂದ 30 ತಿಂಗಳ ನಡುವೆ ಆಟಿಸಂಗಾಗಿ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪ್ರಶ್ನಾವಳಿಯನ್ನು ಹೆಚ್ಚಾಗಿ ಬಳಸುತ್ತಾರೆ. ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬೇಕು. 0ರಿಂದ 2 ಅಂಕ ಬಂದರೆ ಸಾಧ್ಯತೆ ಕಡಿಮೆ. 3ರಿಂದ 7 ಬಂದರೆ ಅವೇ ಪ್ರಶ್ನೆಗಳನ್ನು ಎದುರು ಕುಳಿತು ಬಿಡಿಸಿ ಕೇಳಬೇಕು. 8 ಅಥವಾ ಹೆಚ್ಚು ಬಂದರೆ ನೇರವಾಗಿ ತಜ್ಞರಲ್ಲಿಗೆ. ನಮ್ಮಲ್ಲಿ ಬಹಳ ಕಡೆ ಈ ಎರಡನೆಯ ಹಂತದ ಬಿಡಿಸಿ ಕೇಳುವ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಅದರಿಂದ ಅನಗತ್ಯ ಭಯ ಹುಟ್ಟುತ್ತದೆ.

ಓದು ಬರಹದ ತೊಂದರೆಯನ್ನು ಒಂದನೇ ತರಗತಿಯಿಂದಲೇ ಗಮನಿಸಬಹುದು. ನಡವಳಿಕೆ ಮತ್ತು ಭಾವನೆಗಳಿಗೆ 25 ಅಂಶಗಳ ಎಸ್‌ಡಿಕ್ಯೂ ಪ್ರಶ್ನಾವಳಿ ಇದೆ. ಅದು ಮಗುವಿನ ಒಳ್ಳೆಯ ಗುಣಗಳನ್ನೂ ಕೇಳುತ್ತದೆ, ಆ ಕಾರಣಕ್ಕೆ ನನಗೆ ಇಷ್ಟ. ಖಿನ್ನತೆಯ ಪ್ರಶ್ನೆಗಳನ್ನು ಸಾಮಾನ್ಯವಾಗಿ 12 ವರ್ಷದ ನಂತರ ಕೇಳುತ್ತಾರೆ.

‘ಗಂಡು ಮಕ್ಕಳು ತಡವಾಗಿ ಮಾತನಾಡುತ್ತಾರೆ, ಅವರಪ್ಪನೂ ಹಾಗೆಯೇ ಇದ್ದ’ ಎನ್ನುತ್ತಾರೆ ಮನೆಯ ಹಿರಿಯರು. ಕಾಯಬಹುದೇ?

ತಡವಾಗಿ ಮಾತು ಕಲಿತು ಆಮೇಲೆ ಎಲ್ಲರಂತೆ ಬೆಳೆದ ಮಕ್ಕಳು ನಿಜಕ್ಕೂ ಇದ್ದಾರೆ. ಆದರೆ ನಿಮ್ಮ ಮಗು ಆ ಗುಂಪಿಗೆ ಸೇರಿದೆಯೇ ಎಂದು ಮೊದಲೇ ತಿಳಿಯುವ ದಾರಿ ಹಿರಿಯರಿಗೂ ಇಲ್ಲ, ನಮಗೂ ಇಲ್ಲ. ಆದ್ದರಿಂದ ತೋರಿಸಿ. ಕಾಯದೆ ತೋರಿಸಲೇಬೇಕಾದ ಸಂದರ್ಭಗಳಿವು: ವರ್ಷ ತುಂಬಿದರೂ ಹೆಸರು ಕರೆದರೆ ತಿರುಗುವುದಿಲ್ಲ, ಒಂದೂವರೆ ವರ್ಷವಾದರೂ ಬೇಕಾದದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಒಂದೂ ಪದವಿಲ್ಲ, ಎರಡು ವರ್ಷಕ್ಕೆ ‘ಹಾಲು ಕೊಡು’, ‘ಅಪ್ಪ ಬಾ’ ಎಂಬಂತೆ ಎರಡು ಪದ ಸೇರಿಸುವುದಿಲ್ಲ. ಬಂದಿದ್ದ ಮಾತು ಅಥವಾ ನಗು ಯಾವ ವಯಸ್ಸಿನಲ್ಲೇ ಆಗಲಿ ಹಿಂದಕ್ಕೆ ಹೋದರೆ ಅದೇ ವಾರ ವೈದ್ಯರನ್ನು ಕಾಣಿ.

ಬೆರಳು ಮಾಡಿ ತೋರಿಸುವುದಕ್ಕೆ ಇಷ್ಟು ಮಹತ್ವವೇಕೆ ಎಂದು ಹಲವರು ಕೇಳುತ್ತಾರೆ. ಹಾರುವ ಕಾಗೆಯನ್ನು ಅಮ್ಮನಿಗೆ ತೋರಿಸಿ ಅಮ್ಮನ ಮುಖ ನೋಡುವ ಮಗು ತನ್ನ ಸಂತೋಷವನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳುತ್ತಿದೆ. ಮಾತಿನ ತಳಹದಿ ಅದು. ಮಾತು ತಡವಾಗಿದ್ದರೂ ಇದು ಇದ್ದರೆ ಚಿತ್ರವೇ ಬೇರೆ.

ಮೊಬೈಲ್ ಹೆಚ್ಚು ಕೊಟ್ಟಿದ್ದರಿಂದ ಹೀಗಾಯಿತೇ?

ಮೊಬೈಲ್ ಆಟಿಸಂ ತರುವುದಿಲ್ಲ. ಮಗುವಿನೊಂದಿಗೆ ಮಾತನಾಡುವ ಸಮಯವನ್ನು ಅದು ಕಸಿಯುತ್ತದೆ, ಇರುವ ತೊಂದರೆಯನ್ನು ಮರೆಮಾಡುತ್ತದೆ. ಪರದೆಯನ್ನು ಕಡಿಮೆ ಮಾಡಿ, ಜೊತೆಗೆ ತೋರಿಸಿಯೂ ಬನ್ನಿ. ‘ಮೊದಲು ಆರು ತಿಂಗಳು ಮೊಬೈಲ್ ಬಿಡಿಸಿ ನೋಡೋಣ’ ಎಂಬ ಲೆಕ್ಕಾಚಾರದಲ್ಲಿ ಅಮೂಲ್ಯವಾದ ಆರು ತಿಂಗಳು ಹೋಗಿಬಿಡುತ್ತದೆ. ತಾಯಂದಿರನ್ನು ದೂಷಿಸಲು ಈ ಪ್ರಶ್ನೆಯನ್ನು ಬಳಸುವುದಂತೂ ತಪ್ಪು.

ಎಲ್ಲಕ್ಕಿಂತ ಮೊದಲು ಯಾವ ಪರೀಕ್ಷೆ?

ಕಿವಿ ಮತ್ತು ಕಣ್ಣು. ಪದೇ ಪದೇ ಶೀತವಾಗಿ ಕಿವಿಯಲ್ಲಿ ನೀರು ನಿಂತ ಮಗುವಿಗೆ ಅರ್ಧಂಬರ್ಧ ಕೇಳಿಸುತ್ತದೆ. ಅದನ್ನು ‘ಗಮನವಿಲ್ಲ’ ಎನ್ನುತ್ತೇವೆ. ಹಲಗೆ ಮಸುಕಾಗಿ ಕಾಣುವ ಮಗು ತಪ್ಪಾಗಿ ನಕಲು ಮಾಡುತ್ತದೆ. ಅದನ್ನು ‘ದಡ್ಡ’ ಎನ್ನುತ್ತೇವೆ. ರಕ್ತಹೀನತೆ, ಥೈರಾಯ್ಡ್, ನಿದ್ದೆಯ ಕೊರತೆ ಮತ್ತು ಕೆಲವು ಕ್ಷಣ ಶೂನ್ಯಕ್ಕೆ ನೋಡುತ್ತ ನಿಂತುಬಿಡುವ ಬಗೆಯ ಮೂರ್ಛೆಯೂ ಹೀಗೆಯೇ ದಾರಿ ತಪ್ಪಿಸುತ್ತವೆ. ಇವನ್ನು ನೋಡದೆ ಬುದ್ಧಿಮಟ್ಟದ ಪರೀಕ್ಷೆಗೆ ಹಣ ಕಟ್ಟಬೇಡಿ.

ಎರಡನೇ ತರಗತಿಯ ಮಗಳು ಒತ್ತಕ್ಷರಗಳನ್ನೆಲ್ಲ ತಪ್ಪು ಬರೆಯುತ್ತಾಳೆ. ಡಿಸ್ಲೆಕ್ಸಿಯಾ ಇರಬಹುದೇ?

ಎರಡನೇ ತರಗತಿಯಲ್ಲಿ ಇದೊಂದರಿಂದಲೇ ಹಾಗೆ ಹೇಳಲಾಗದು. ಇಂಗ್ಲಿಷ್ ಕಲಿಯುವ ಮಗುವಿಗೆ 26 ಅಕ್ಷರಗಳ ಆಕಾರ ಗೊತ್ತಾದರೆ ಆ ಭಾಗ ಮುಗಿಯಿತು. ಕನ್ನಡದ ಮಗು ವರ್ಣಮಾಲೆ ದಾಟಿ ಕಾಗುಣಿತಕ್ಕೆ, ಅಲ್ಲಿಂದ ಒತ್ತಕ್ಷರಕ್ಕೆ ಹೋಗಬೇಕು. ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಇದನ್ನೇ: ಅಕ್ಷರಗಳ ಮೇಲಿನ ಹಿಡಿತ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ, ಪ್ರಾಥಮಿಕ ಶಾಲೆಯ ಮುಂದಿನ ತರಗತಿಗಳವರೆಗೂ ಬೆಳೆಯುತ್ತಲೇ ಇರುತ್ತದೆ. ಇಂಗ್ಲಿಷಿಗಾಗಿ ರೂಪಿಸಿದ ಅಳತೆಗೋಲನ್ನು ಹಾಗೆಯೇ ತಂದು ಕನ್ನಡದ ಮಗುವಿನ ಮೇಲೆ ಇಟ್ಟರೆ ಅನ್ಯಾಯವಾಗುತ್ತದೆ.

‘ಸೂರ್ಯ’ ಎಂಬ ಪದವನ್ನೇ ನೋಡಿ. ಬಾಯಲ್ಲಿ ರಕಾರ ಮೊದಲು ಬರುತ್ತದೆ, ಕಾಗದದ ಮೇಲೆ ಅರ್ಕಾವೊತ್ತು ಯಕಾರದ ನಂತರ ಕೂರುತ್ತದೆ. ಮಕ್ಕಳು ಇಲ್ಲಿ ಎಡವುವುದು ಸಹಜ. ಹಾಗೆಯೇ ಹಕಾರ ಬಿಟ್ಟು ‘ಅಕ್ಕಿ’ ಎಂದು ಹಕ್ಕಿಯನ್ನು ಬರೆದರೆ, ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡಿದರೆ, ಆ ಮಗು ತನ್ನ ಮನೆಯಲ್ಲಿ ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆಯುತ್ತಿದೆ. ಅದು ನ್ಯೂನತೆಯ ಲಕ್ಷಣವಲ್ಲ.

ಹಾಗಾದರೆ ಯಾವುದು ಲಕ್ಷಣ? ಮೂರು, ನಾಲ್ಕನೇ ತರಗತಿಗೆ ಬಂದರೂ ಒಂದೊಂದೇ ಅಕ್ಷರ ಬಿಡಿಸಿ ಓದುವುದು, ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತುಹೋಗುವುದು. ನಿನ್ನೆ ಓದಿದ ಪದವೇ ಇಂದು ಹೊಸದಾಗುವುದು. ಹ್ರಸ್ವ–ದೀರ್ಘಗಳ, ‘ಮ’ ಮತ್ತು ‘ವ’, ‘ಪ’ ಮತ್ತು ‘ಷ’ಗಳ ಗೊಂದಲ ಅಭ್ಯಾಸ ಮಾಡಿಸಿದರೂ ಬಿಡದಿರುವುದು. ‘ಕಮಲ’ದಲ್ಲಿ ‘ಕ’ ತೆಗೆದರೆ ಏನು ಉಳಿಯುತ್ತದೆ ಎಂಬ ಆಟ ಆಡಲು ಆಗದಿರುವುದು. ಇವುಗಳ ಜೊತೆಗೆ ಬಾಯಲ್ಲಿ ಕೇಳಿದರೆ ಉತ್ತರ ಚೆನ್ನಾಗಿ ಹೇಳುವುದು. ಈ ಕೊನೆಯದು ಬಹಳ ದೊಡ್ಡ ಸುಳಿವು.

ಶಿಕ್ಷಕರಿಗೆ ಎರಡು ಸರಳ ಉಪಾಯ. ಬಾಯಿಪಾಠವಾದ ಪಾಠವನ್ನು ಓದಿಸಬೇಡಿ, ಮಗು ಹಿಂದೆಂದೂ ನೋಡದ ಪುಟವನ್ನು ಕೊಡಿ, ಇಲ್ಲವೇ ಅದೇ ಪಾಠದ ಸಾಲನ್ನು ಕೊನೆಯ ಪದದಿಂದ ಹಿಂದಕ್ಕೆ ಓದಿಸಿ. ಹಲಗೆಯಿಂದ ನಕಲು ಮಾಡಿದ ಬರಹವನ್ನೂ ಉಕ್ತಲೇಖನವನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಕಲು ಮುತ್ತಿನಂತಿದ್ದು ಉಕ್ತಲೇಖನ ಅಸ್ತವ್ಯಸ್ತವಾಗಿದ್ದರೆ ಆ ಮಗುವಿನ ಹೆಸರು ಬರೆದಿಟ್ಟುಕೊಳ್ಳಿ.

ಕನ್ನಡದಲ್ಲೇ ಪರೀಕ್ಷಿಸಲು ಸಾಧನವೂ ಇದೆ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ, 2015ರಲ್ಲಿ ಬಿಡುಗಡೆಯಾದ ‘ಡಾಲಿ’ಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡವೂ ಇದೆ. ಶಿಕ್ಷಕರು ಬಳಸುವ ಪ್ರಾಥಮಿಕ ಪಟ್ಟಿ ಬೇರೆ, ತಜ್ಞರು ಬಳಸುವ ಪರೀಕ್ಷೆ ಬೇರೆ. ನಿಮ್ಮ ಶಾಲೆಯಲ್ಲಿ ಕೇಳಿ ನೋಡಿ.

ಮನೆಮಾತು ತುಳು, ಶಾಲೆ ಇಂಗ್ಲಿಷ್ ಮಾಧ್ಯಮ, ಬೀದಿಯಲ್ಲಿ ಕನ್ನಡ. ಮಗು ಗೊಂದಲಗೊಂಡಿದೆಯೇ?

ತುಳು, ಕೊಂಕಣಿ, ಉರ್ದು, ಲಂಬಾಣಿ, ತೆಲುಗು ಮನೆಗಳ ಮಕ್ಕಳ ವಿಷಯದಲ್ಲಿ ಇದನ್ನು ಕೇಳಲೇಬೇಕು. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಆಟಿಸಂ ಕೂಡ ಬರುವುದಿಲ್ಲ. ಆದರೆ ಗೊತ್ತಿಲ್ಲದ ಭಾಷೆಯಲ್ಲಿ ಪರೀಕ್ಷಿಸಿದರೆ ಎಂಥ ಮಗುವೂ ಹಿಂದುಳಿದಂತೆ ಕಾಣುತ್ತದೆ. ಮನೆಯಲ್ಲಿ ಯಾರೂ ಇಂಗ್ಲಿಷ್ ಮಾತನಾಡದ ಮಗು ಇಂಗ್ಲಿಷ್ ಓದಲು ತಡವರಿಸಿದರೆ ಕಾರಣ ಕಣ್ಣೆದುರಿಗೇ ಇದೆ. ತನಗೆ ಚೆನ್ನಾಗಿ ಬರುವ ಭಾಷೆಯಲ್ಲಿಯೂ ಅದೇ ಬಗೆಯ ತೊಂದರೆ ಇದೆಯೇ ಎಂದು ನೋಡಬೇಕು.

ಹೊರದೇಶದಲ್ಲಿರುವ ಕನ್ನಡಿಗರಿಗೆ ‘ಮಾತು ತಡವಾಗಿದೆ, ಮನೆಯಲ್ಲಿ ಕನ್ನಡ ನಿಲ್ಲಿಸಿ’ ಎಂಬ ಸಲಹೆ ಈಗಲೂ ಕೆಲವೊಮ್ಮೆ ಸಿಗುತ್ತದೆ. ನಿಲ್ಲಿಸಬೇಡಿ. ತಂದೆತಾಯಿ ತಮಗೆ ಸಲೀಸಾದ ಭಾಷೆಯಲ್ಲಿ ಮಾತನಾಡಿದಾಗಲೇ ಮಗುವಿಗೆ ಸಮೃದ್ಧವಾದ ಮಾತು ಸಿಗುವುದು. ಮಗುವಿಗೆ ಬರುವ ಪದಗಳನ್ನು ಎಣಿಸುವಾಗ ಎರಡೂ ಭಾಷೆಗಳ ಪದಗಳನ್ನು ಸೇರಿಸಿ ಎಣಿಸುವಂತೆ ಅಲ್ಲಿನ ತಜ್ಞರನ್ನು ಕೇಳಿ.

ಒಂದು ಕಡೆ ಕೂರುವುದಿಲ್ಲ ಎಂದು ಶಾಲೆಯಿಂದ ದಿನವೂ ದೂರು. ಎಡಿಎಚ್‌ಡಿಯೇ?

ಐದು ವರ್ಷದ ಮಗು ಮೂರು ಗಂಟೆ ಬೆಂಚಿನ ಮೇಲೆ ಕೂರದಿದ್ದರೆ ತಪ್ಪು ಬೆಂಚಿನದು. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು 12 ವರ್ಷದೊಳಗೆ ಆರಂಭವಾಗಿರಬೇಕು, ಕನಿಷ್ಠ ಆರು ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆಯಂತಹ ಕನಿಷ್ಠ ಎರಡು ಕಡೆ ಕಾಣಬೇಕು, ಮಗುವಿನ ದಿನನಿತ್ಯದ ಬದುಕನ್ನು ಕೆಡಿಸುತ್ತಿರಬೇಕು. ಶಾಲೆಯಲ್ಲಿ ಮಾತ್ರ ತೊಂದರೆ ಎಂದರೆ ಪಾಠ ಅರ್ಥವಾಗುತ್ತಿಲ್ಲವೇ, ಯಾರಾದರೂ ಹೊಡೆಯುತ್ತಿದ್ದಾರೆಯೇ, ಗೇಲಿ ಮಾಡುತ್ತಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಆದ್ದರಿಂದಲೇ ಒಂದು ಪ್ರಶ್ನಾವಳಿಯನ್ನು ಪೋಷಕರೂ ಇನ್ನೊಂದನ್ನು ಶಿಕ್ಷಕರೂ ತುಂಬಬೇಕು. ಹುಡುಗಿಯರಲ್ಲಿ ಓಡಾಟಕ್ಕಿಂತ ಗಮನದ ಕೊರತೆಯೇ ಹೆಚ್ಚಾಗಿ ಕಾಣುವುದರಿಂದ ಅವರನ್ನು ಗುರುತಿಸುವುದು ವರ್ಷಗಟ್ಟಲೆ ತಡವಾಗುತ್ತದೆ.

ಸ್ಕ್ರೀನಿಂಗ್ ಪ್ರಶ್ನಾವಳಿಯಲ್ಲಿ ಅಂಕ ಹೆಚ್ಚು ಬಂದಿದೆ. ಇದರರ್ಥ ತೊಂದರೆ ಬಹುತೇಕ ಖಚಿತವೇ?

ಒಂದು ಲೆಕ್ಕ ಮಾಡೋಣ. ಇದು ಉದಾಹರಣೆಗೆ ಮಾತ್ರ. ಸಾವಿರ ಮಕ್ಕಳಲ್ಲಿ 30 ಮಕ್ಕಳಿಗೆ ನಿಜವಾಗಿ ತೊಂದರೆ ಇದೆ ಎನ್ನಿ. ಪ್ರಶ್ನಾವಳಿ ಅವರಲ್ಲಿ 24 ಮಕ್ಕಳನ್ನು ಹಿಡಿಯಿತು. ಉಳಿದ 970 ಮಕ್ಕಳಲ್ಲಿ ನೂರಕ್ಕೆ ಹತ್ತರಂತೆ 97 ಮಕ್ಕಳನ್ನು ತಪ್ಪಾಗಿ ಎತ್ತಿ ತೋರಿಸಿತು. ಒಟ್ಟು 121 ಮನೆಗಳಿಗೆ ‘ಮುಂದೆ ತೋರಿಸಿ’ ಎಂಬ ಚೀಟಿ ಹೋಯಿತು. ನಿಜವಾದ ತೊಂದರೆ ಇರುವುದು ಅವರಲ್ಲಿ ಐದಕ್ಕೆ ಒಂದು ಮಗುವಿಗೆ. ಸಾಧನ ಚೆನ್ನಾಗಿಯೇ ಕೆಲಸ ಮಾಡಿದರೂ ಹೀಗಾಗುತ್ತದೆ. ಚೀಟಿ ಬಂದ ರಾತ್ರಿ ನಿದ್ದೆಗೆಡಬೇಡಿ, ಆದರೆ ಮುಂದಿನ ಭೇಟಿಯನ್ನು ತಪ್ಪಿಸಬೇಡಿ.

ಇನ್ನೊಂದು ಬದಿಯನ್ನೂ ನೋಡಿ: ತೊಂದರೆ ಇದ್ದ ಆರು ಮಕ್ಕಳು ತಪ್ಪಿಸಿಕೊಂಡರು. ಅಂಕ ಕಡಿಮೆ ಬಂದರೂ ನಿಮ್ಮ ಮನಸ್ಸು ಒಪ್ಪದಿದ್ದರೆ ಮತ್ತೆ ಕೇಳುವ ಹಕ್ಕು ನಿಮಗಿದೆ. ದಿನವೂ ಮಗುವನ್ನು ನೋಡುವ ತಾಯಿಯ ಆತಂಕಕ್ಕೆ ತೂಕವಿದೆ.

ಮುಂದೆ ಎಲ್ಲಿಗೆ ಹೋಗಬೇಕು? ಖರ್ಚು ಹೆಚ್ಚಾಗುತ್ತದೆಯೇ?

ಸರ್ಕಾರಿ ದಾರಿಯೊಂದು ಇದೆ, ಅದು ಉಚಿತ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಗುರುತಿಸಿದ ಮಕ್ಕಳನ್ನು ಕಳುಹಿಸಲು ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ನಿಮ್ಮ ಜಿಲ್ಲೆಯ ಕೇಂದ್ರ ಎಲ್ಲಿದೆ ಎಂದು ತಿಳಿಯುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಮಾತು, ಭಾಷೆ ಮತ್ತು ಶ್ರವಣದ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಕೆಲಸ ಮಾಡುತ್ತಿದೆ. ಖಾಸಗಿಯಾಗಿ ಹೋಗುವಿರಾದರೆ ಕ್ಲಿನಿಕಲ್ ಸೈಕಾಲಜಿಸ್ಟ್, ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದ್ದಾರೆಯೇ ಎಂದು ನೋಡಿ. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ.

ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಬಂದ ಸಂಖ್ಯೆಯನ್ನು ಎಷ್ಟು ನಂಬಬಹುದು?

ಜಾಗರೂಕತೆಯಿಂದ. ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆಯನ್ನು ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿಯೇ ರೂಪಿಸಿ 1934ರಲ್ಲಿ ಪ್ರಕಟಿಸಿದರು. ಆ ಕಾಲಕ್ಕೆ ಅದು ದೊಡ್ಡ ಕೆಲಸ. ಆದರೆ ತೊಂಬತ್ತು ವರ್ಷ ಹಿಂದಿನ ಮಕ್ಕಳೊಂದಿಗೆ ಹೋಲಿಸಿ ಇಂದಿನ ಮಗುವಿಗೆ ಅಂಕ ಕೊಡುವಾಗ ಎಚ್ಚರ ಬೇಕಲ್ಲವೇ? ಹೊಸ ಪರೀಕ್ಷೆಗಳೂ ಇವೆ. ಯಾವುದನ್ನು, ಯಾವ ಭಾಷೆಯಲ್ಲಿ ಮಾಡಿದರು ಎಂದು ವರದಿಯಲ್ಲಿ ಬರೆಸಿಕೊಳ್ಳಿ. ಜ್ವರ ಬಂದ ದಿನ, ಅತ್ತು ಹಟಮಾಡಿದ ದಿನ ತೆಗೆದ ಸಂಖ್ಯೆಗೆ ಬೆಲೆ ಕಡಿಮೆ.

ಬೆರಳಚ್ಚಿನಿಂದ ಮಗುವಿನ ಪ್ರತಿಭೆ ಹೇಳುತ್ತೇವೆ ಎಂದು ಶಾಲೆಗೆ ಬಂದಿದ್ದಾರೆ. ಮಾಡಿಸಬಹುದೇ?

ಬೇಡ. ಡಿಎಂಐಟಿ ಎಂಬ ಹೆಸರಿನ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ. ಕಣ್ಣು ಕಟ್ಟಿ ಓದಿಸುವ ‘ಮಿಡ್‌ಬ್ರೇನ್’ ತರಬೇತಿಗೂ ಇಲ್ಲ. ಆಟಿಸಂ ಗುಣಪಡಿಸುವುದಾಗಿ ಸ್ಟೆಮ್ ಸೆಲ್ ಚಿಕಿತ್ಸೆ ಮಾರುವವರಿಗೆ ಮನೆ, ಹೊಲ ಅಡವಿಟ್ಟು ಹಣ ಕೊಟ್ಟ ಕುಟುಂಬಗಳಿವೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಆ ಹಣದಲ್ಲಿ ಮಗುವಿಗೆ ವರ್ಷಗಟ್ಟಲೆ ವಾಕ್ ಚಿಕಿತ್ಸೆ ಕೊಡಿಸಬಹುದಿತ್ತು.

ಶಾಲೆ ನಮ್ಮನ್ನು ಕೇಳದೆ ಸ್ಕ್ರೀನಿಂಗ್ ಮಾಡಬಹುದೇ? ಫಲಿತಾಂಶ ನೋಡಿ ಹೊರಗೆ ಹಾಕಬಹುದೇ?

ಪ್ರತಿದಿನದ ಪಾಠದಲ್ಲಿ ಮಗು ಹೇಗೆ ಕಲಿಯುತ್ತಿದೆ ಎಂದು ಗಮನಿಸುವುದು ಶಿಕ್ಷಕರ ಕರ್ತವ್ಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಿ ಕ್ರಮ ಕೈಗೊಳ್ಳುವಂತೆ ಹೇಳುತ್ತದೆ. ಮಾನಸಿಕ ಆರೋಗ್ಯದ ಪ್ರಶ್ನಾವಳಿ ತುಂಬಿಸುವಾಗ ಮಾತ್ರ ಪೋಷಕರ ಒಪ್ಪಿಗೆ ಪಡೆಯಬೇಕು. ದೊಡ್ಡ ಮಕ್ಕಳನ್ನೂ ಕೇಳಬೇಕು. ಫಲಿತಾಂಶವನ್ನು ಸಿಬ್ಬಂದಿ ಕೊಠಡಿಯಲ್ಲಿ ಚರ್ಚಿಸುವುದು, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಅಕ್ಷಮ್ಯ.

ಹೊರಗೆ ಹಾಕುವಂತಿಲ್ಲ. ಪ್ರವೇಶದ ಸಮಯದಲ್ಲಿ ಮಗುವನ್ನು ಸ್ಕ್ರೀನಿಂಗ್‌ಗೆ ಒಳಪಡಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ‘ನಿಮ್ಮ ಮಗುವಿಗೆ ನಮ್ಮ ಶಾಲೆ ಹೊಂದುವುದಿಲ್ಲ’ ಎಂದರೆ ಅದನ್ನು ಲಿಖಿತವಾಗಿ ಕೊಡಿ ಎಂದು ಕೇಳಿ.

ಪ್ರಮಾಣಪತ್ರ ಯಾವಾಗ ಸಿಗುತ್ತದೆ? ಅದರಿಂದ ಪ್ರಯೋಜನವೇನು?

2016ರ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಬೌದ್ಧಿಕ ವೈಕಲ್ಯ ಮತ್ತು ಮಾನಸಿಕ ಕಾಯಿಲೆ ಸೇರಿವೆ. 2018ರ ಕೇಂದ್ರ ಮಾರ್ಗಸೂಚಿಯಂತೆ ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು 8 ವರ್ಷ ತುಂಬಿದ ಮೇಲೆ ಕೊಡುತ್ತಾರೆ, 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ. ಪರೀಕ್ಷೆಗೆ ನಿಮ್ಹಾನ್ಸ್ ರೂಪಿಸಿದ ಸಾಧನವನ್ನು ಹೆಸರಿಸಲಾಗಿತ್ತು. ಮಾರ್ಗಸೂಚಿಗಳು 2024ರಲ್ಲಿ ಪರಿಷ್ಕೃತಗೊಂಡಿವೆ, ಆದ್ದರಿಂದ ಅರ್ಜಿ ಹಾಕುವಾಗ ಜಿಲ್ಲಾ ಆಸ್ಪತ್ರೆಯಲ್ಲಿ ಈಗಿನ ಕ್ರಮ ಕೇಳಿಕೊಳ್ಳಿ.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಲಿಪಿಕಾರ, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ, ಇವೆಲ್ಲಕ್ಕೂ ಕಾಯ್ದೆಯಲ್ಲಿಯೇ ಅವಕಾಶವಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ ಓಡಾಡಿದರೆ ಕಾಗದಪತ್ರ ಸಿದ್ಧವಾಗುವುದಿಲ್ಲ. ಎಂಟನೇ ತರಗತಿಯಲ್ಲೇ ಆರಂಭಿಸಿ.

ಹತ್ತನೇ ತರಗತಿಯ ಮಗ ಯಾರೊಂದಿಗೂ ಮಾತನಾಡುವುದಿಲ್ಲ. ವಯಸ್ಸಿನ ಪ್ರಭಾವವೇ?

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಗೆಳೆಯರು, ಇಷ್ಟದ ಆಟ ಎಲ್ಲದರಿಂದಲೂ ಹಿಂದೆ ಸರಿದಿದ್ದರೆ ವಯಸ್ಸಿನ ಪ್ರಭಾವ ಎಂದು ತಳ್ಳಿಹಾಕಬೇಡಿ. ಈ ವಯಸ್ಸಿನ ಪ್ರಶ್ನಾವಳಿಯನ್ನು ಮಗನೇ ತುಂಬಬೇಕು, ನೀವು ಪಕ್ಕದಲ್ಲಿ ಕೂರಬಾರದು. ಬದುಕು ಬೇಡ ಎನಿಸುತ್ತದೆಯೇ ಎಂದು ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ಬರುತ್ತದೆ ಎಂಬುದು ಸುಳ್ಳು. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು. ಶಾಲೆಯಲ್ಲಿ ಇಂತಹ ಉತ್ತರ ಬಂದ ಹಾಳೆಯನ್ನು ಸೋಮವಾರ ನೋಡೋಣ ಎಂದು ಕಪಾಟಿನಲ್ಲಿಡುವಂತಿಲ್ಲ. ಅಷ್ಟು ಸಿದ್ಧತೆ ಇಲ್ಲದ ಶಾಲೆ ಆ ಪ್ರಶ್ನೆಯನ್ನು ಕೇಳಲು ಹೊರಡಬಾರದು.

ತಜ್ಞರ ಭೇಟಿಗೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕಂತೆ. ಅಲ್ಲಿಯವರೆಗೆ ಏನು ಮಾಡುವುದು?

ರೋಗದ ಹೆಸರು ಬರುವವರೆಗೆ ಸಹಾಯ ನಿಲ್ಲಬೇಕಿಲ್ಲ. ಸಣ್ಣ ಮಗುವಾದರೆ ದಿನವೂ ನೆಲದ ಮೇಲೆ ಕುಳಿತು ಅದರೊಂದಿಗೆ ಆಡಿ. ಮಗು ನೋಡುತ್ತಿರುವ ವಸ್ತುವಿನ ಬಗ್ಗೆಯೇ ಚಿಕ್ಕ ಮಾತುಗಳಲ್ಲಿ ಹೇಳಿ, ಉತ್ತರಕ್ಕಾಗಿ ತುಸು ಹೊತ್ತು ಕಾಯಿರಿ. ಓದಿನ ತೊಂದರೆಯಾದರೆ ದಿನಕ್ಕೆ ಹದಿನೈದು ನಿಮಿಷ ಸಾಕು. ನೀವು ಒಂದು ಸಾಲು ಓದಿ, ಮಗು ಒಂದು ಸಾಲು ಓದಲಿ. ಒಂದು ವಾರಕ್ಕೆ ಒಂದೇ ಒತ್ತಕ್ಷರ ಹಿಡಿಯಿರಿ. ತರಗತಿಯ ಎದುರು ಗಟ್ಟಿಯಾಗಿ ಓದಿಸಬೇಡಿ ಎಂದು ಶಿಕ್ಷಕರನ್ನು ವಿನಂತಿಸಿ, ಬಾಯಲ್ಲಿ ಉತ್ತರ ಹೇಳಲು ಅವಕಾಶ ಕೇಳಿ. ಮಗುವಿಗೂ ವಿಷಯ ತಿಳಿಸಿ: ‘ನಿನಗೆ ಓದುವುದು ಏಕೆ ಕಷ್ಟವಾಗುತ್ತಿದೆ ಎಂದು ನೋಡಿ ಸಹಾಯ ಮಾಡುವವರ ಹತ್ತಿರ ಹೋಗುತ್ತಿದ್ದೇವೆ.’

ಒಂದು ನೋಟ್‌ಪುಸ್ತಕ ಇಡಿ. ಯಾವ ದಿನ, ಎಲ್ಲಿ, ಏನಾಯಿತು ಎಂದು ಎರಡು ಸಾಲು ಬರೆಯಿರಿ. ಮಗು ಚೆನ್ನಾಗಿ ಮಾಡಿದ್ದನ್ನೂ ಬರೆಯಿರಿ. ತಾಯಿ ಕಾರ್ಡ್, ಹಳೆಯ ಅಂಕಪಟ್ಟಿ, ಉಕ್ತಲೇಖನದ ಪುಟಗಳು, ಸಾಧ್ಯವಾದರೆ ಮಗು ಆಡುತ್ತಿರುವ ಒಂದೆರಡು ನಿಮಿಷದ ವಿಡಿಯೊ, ಇವನ್ನೆಲ್ಲ ಭೇಟಿಯ ದಿನ ಜೊತೆಗೆ ಒಯ್ಯಿರಿ.